ಮನೆ ಒರೆಸುವವರನ್ನು ಮೊದಲು ಕೇಳು

ಮಗಳೇ, ಇಪ್ಪತ್ತು ವರ್ಷ ಹಳೆಯ ಫ್ಲ್ಯಾಟ್ ಕೊಂಡು ಅದನ್ನು ಹೊಸದಾಗಿ ಮಾಡಿಸಲು ಹೊರಟಿದ್ದೀರಿ. ಎರಡೇ ಮಲಗುವ ಕೋಣೆ. ಮಂಡಿನೋವಿನ ಅತ್ತೆ, ಈಗಷ್ಟೇ ಓಡಲು ಕಲಿತ ಮಗು, ಗಂಡ ಹೆಂಡಿರಿಬ್ಬರಿಗೂ ಆಫೀಸು. ಇಂಟೀರಿಯರ್‌ನವರು ಕಂಪ್ಯೂಟರಿನಲ್ಲಿ ಮಾಡಿಕೊಟ್ಟ ಚಿತ್ರಗಳನ್ನು ನನಗೂ ಕಳಿಸಿದೆಯಲ್ಲ, ಎಲ್ಲವನ್ನೂ ನೋಡಿದೆ. ಕಣ್ಣಿಗೆ ಹಿತವಾಗಿವೆ. ಆದರೆ ಯಾವ ಚಿತ್ರದಲ್ಲೂ ಪೊರಕೆ ಕಾಣಲಿಲ್ಲ, ಬಕೆಟ್ ಇಲ್ಲ, ಒಣಹಾಕಿದ ಬಟ್ಟೆ ಇಲ್ಲ, ಅಕ್ಕಿ ಮೂಟೆ ಇಲ್ಲ. ನಿಮ್ಮ ಮನೆಯಲ್ಲಿ ಇವೆಲ್ಲ ಇರುತ್ತವೆ. ಮುಂಗಡ ಕೊಡುವ ಮುಂಚೆ ಈ ದೊಡ್ಡಮ್ಮನ ಮಾತನ್ನೂ ಓದಿಕೋ. ಅಳಿಯಂದಿರಿಗೂ ಓದಿ ಹೇಳು. ಮಾಡಿಸುವ ಒಂದೊಂದು ಕೆಲಸಕ್ಕೂ ಒಂದೇ ಪ್ರಶ್ನೆ ಹಾಕಿ: ಇದನ್ನು ದಿನಾ ಒರೆಸುವವರು ಯಾರು, ಅವರ ಕೈಗೆ ಇದು ಎಟುಕುತ್ತದೆಯೇ? ಒರೆಸಿ ಇಟ್ಟುಕೊಳ್ಳಲಾಗದ ಅಂದ ಎರಡು ವರ್ಷವೂ ಉಳಿಯುವುದಿಲ್ಲ.

• ಖಾಲಿ ಮನೆಗೆ ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಮೂರರ ಬಿಸಿಲಿಗೆ ಒಮ್ಮೆ, ದೀಪ ಹಚ್ಚುವ ಹೊತ್ತಿಗೆ ಒಮ್ಮೆ ಹೋಗಿ ಸುಮ್ಮನೆ ಕೂತು ಬನ್ನಿ. ಜೋರು ಮಳೆ ಬಂದ ಮರುದಿನವಂತೂ ತಪ್ಪದೆ ಹೋಗಿ. ಕಿಟಕಿಯ ಕೆಳಮೂಲೆ, ಬಾತ್‌ರೂಮಿಗೆ ಅಂಟಿದ ಗೋಡೆ, ಮೇಲಿನ ಮನೆಯ ಬಾತ್‌ರೂಮಿನ ಕೆಳಗೆ ಬರುವ ಸೂರು, ಇವಿಷ್ಟನ್ನೂ ಕೈಯಿಟ್ಟು ನೋಡು. ಬಣ್ಣ ಉಬ್ಬಿದ್ದರೆ, ಬಿಳಿ ಉಪ್ಪು ಉದುರುತ್ತಿದ್ದರೆ ಗೋಡೆಯೊಳಗೆ ನೀರಿದೆ ಎಂದೇ ಲೆಕ್ಕ. ಅದರ ಮೇಲೆ ಪುಟ್ಟಿ ಹಾಕಿ ಎಷ್ಟು ದುಬಾರಿ ಬಣ್ಣ ಬಳಿದರೂ ಒಂದು ಮಳೆಗಾಲಕ್ಕೆ ಮತ್ತೆ ಉಬ್ಬುತ್ತದೆ. ಮೊದಲು ನೀರು ಬರುವ ದಾರಿ ಮುಚ್ಚಿಸಬೇಕು, ಗೋಡೆ ಪೂರ್ತಿ ಒಣಗಬೇಕು, ಬಣ್ಣ ಆಮೇಲೆ. ಬಿರುಕು ಹೊರಗೋಡೆಯಲ್ಲಿದ್ದರೆ ಒಳಗಿನಿಂದ ಏನು ಮಾಡಿದರೂ ಪ್ರಯೋಜನವಿಲ್ಲ, ಅಸೋಸಿಯೇಷನ್‌ನವರ ಜೊತೆ ಕೂತು ಮಾತಾಡಿ.

• ಮನೆಯಲ್ಲಿರುವ ಸಾಮಾನಿನ ಪಟ್ಟಿ ಮಾಡು. ಬೀರು, ಮಂಚ ಎಂದು ಬರೆದು ಮುಗಿಸಬೇಡ. 25 ಕಿಲೋ ಅಕ್ಕಿ ಮೂಟೆ, ಗ್ರೈಂಡರು, ಹಬ್ಬಕ್ಕೆ ಮಾತ್ರ ಇಳಿಸುವ ದೊಡ್ಡ ಕುಕ್ಕರು, ಉಪ್ಪಿನಕಾಯಿ ಭರಣಿ, ಈಳಿಗೆ ಮಣೆ, ದಸರಾ ಗೊಂಬೆಗಳ ಪೆಟ್ಟಿಗೆ, ನೆಂಟರು ಬಂದರೆ ಹಾಸುವ ಹಾಸಿಗೆ, ಸೂಟ್‌ಕೇಸು, ಏಣಿ, ಇಸ್ತ್ರಿ ಮಣೆ, ಮಾಪು, ಪೊರಕೆ, ಮಗುವಿನ ಸೈಕಲ್ಲು. ಎದುರಿಗೆ ಅವುಗಳ ಉದ್ದ, ಅಗಲ, ಎತ್ತರವನ್ನೂ ಬರೆ. ಡಿಸೈನ್ ಮಾಡುವವರಿಗೆ ಮೊದಲು ಕೊಡಬೇಕಾದದ್ದು ಈ ಹಾಳೆ. ಇಷ್ಟಪಟ್ಟ ಚಿತ್ರಗಳನ್ನು ಆಮೇಲೆ ತೋರಿಸು. ಹೊಸ ಮನೆ ಆರು ತಿಂಗಳಿಗೇ ಅಸ್ತವ್ಯಸ್ತವಾಗಿ ಕಾಣುವುದು ಸಾಮಾನು ಹೆಚ್ಚಾಗಿ ಅಲ್ಲ, ಏಣಿಗೂ ಪೊರಕೆಗೂ ಯಾರೂ ಜಾಗ ಇಟ್ಟಿರುವುದಿಲ್ಲ.

• ಗೋಡೆ ಒಡೆಸುವ ಆಸೆಯಿದ್ದರೆ ಕಟ್ಟಡದ ನಕ್ಷೆ ನೋಡದೆ ಸುತ್ತಿಗೆ ಎತ್ತಿಸಬೇಡ. ಕಾಲಮ್ಮು, ಬೀಮು ಮುಟ್ಟುವಂತಿಲ್ಲ. ಈಚಿನ ಹಲವು ಅಪಾರ್ಟ್‌ಮೆಂಟುಗಳನ್ನು ಮೈವಾನ್ ಎಂಬ ಅಲ್ಯೂಮಿನಿಯಂ ಅಚ್ಚಿನಲ್ಲಿ ಕಟ್ಟಿರುತ್ತಾರೆ. ಅಲ್ಲಿ ಗೋಡೆಯೇ ಕಾಂಕ್ರೀಟು, ಕಟ್ಟಡದ ಭಾರ ಹೊತ್ತಿರುವುದೂ ಅದೇ. ನಿಮ್ಮದು ಹಳೆಯದು, ಇಟ್ಟಿಗೆಯದೋ ಬ್ಲಾಕಿನದೋ ಇರಬಹುದು. ಆದರೂ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ ಕೇಳಿ, ಅಸೋಸಿಯೇಷನ್ನಿನ ಒಪ್ಪಿಗೆಯನ್ನು ಬರೆಸಿಕೊಂಡೇ ಮುಂದುವರಿಯಿರಿ.

• ಹಣ ಇರುವಷ್ಟೇ ಇದೆ ಎಂದೆಯಲ್ಲ. ಹಾಗಾದರೆ ಗೋಡೆಯೊಳಗೆ, ನೆಲದೊಳಗೆ ಅಡಗುವ ಕೆಲಸಕ್ಕೆ ಮೊದಲು ಖರ್ಚು ಮಾಡು: ನೀರಿನ ಪೈಪು, ವೈರಿಂಗು, ಬಾತ್‌ರೂಮಿನ ವಾಟರ್‌ಪ್ರೂಫಿಂಗು. ಮರಗೆಲಸ ಅದಾದ ಮೇಲೆ. ಪರದೆ, ಚಿತ್ರ, ಅಲಂಕಾರದ ದೀಪಗಳನ್ನು ಮುಂದಿನ ವರ್ಷ ತಂದರೂ ನಡೆಯುತ್ತದೆ. ಸೋಫಾ ಬದಲಿಸಲು ಒಂದು ಮಧ್ಯಾಹ್ನ ಸಾಕು, ಗೋಡೆಯೊಳಗಿನ ಪೈಪು ಬದಲಿಸಬೇಕೆಂದರೆ ಮನೆ ಖಾಲಿ ಮಾಡಬೇಕು.

• ವೈರಿಂಗ್ ಹಳೆಯದಾದರೆ ಪೂರ್ತಿ ತೆಗೆಸಿ ಹೊಸದು ಹಾಕಿಸು. ದೀಪ, ಫ್ಯಾನಿಗೆ 1.5 ಚದರ ಮಿಲಿಮೀಟರ್ ತಂತಿ, ಪವರ್ ಪಾಯಿಂಟಿಗೆ 2.5, ಗೀಸರು ಮತ್ತು ಏಸಿಗೆ 4. ಎಲೆಕ್ಟ್ರೀಶಿಯನ್ನರು ಬೇರೆ ಏನಾದರೂ ಹೇಳಿದರೆ ಯಾಕೆಂದು ಕೇಳು. ಶಾಕ್ ಹೊಡೆದರೆ ಜೀವಕ್ಕೆ ಅಪಾಯವಾಗುವ ಮುನ್ನ ಕರೆಂಟು ಕಡಿಯುವ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ ಬೇಕೇ ಬೇಕು, ಮನೆಯಲ್ಲಿ ಮಗು ಇದೆ. ಅಡುಗೆಮನೆಗೆ 16 ಆಂಪಿಯರ್ ಸಾಕೆಟ್ ಒಂದು ಸಾಲದು: ಮೈಕ್ರೋವೇವಿಗೆ, ಇಂಡಕ್ಷನ್ ಒಲೆಗೆ, ಮುಂದೆ ಪಾತ್ರೆ ತೊಳೆಯುವ ಯಂತ್ರ ತಂದರೆ ಅದಕ್ಕೆ, ಎಲ್ಲಕ್ಕೂ ಬೇರೆ ಬೇರೆ. ಮಂಚದ ಎರಡೂ ಕಡೆ ಪ್ಲಗ್ಗಿರಲಿ. ಅತ್ತೆಯವರ ಮಂಚದ ಪಕ್ಕ, ಮಲಗಿದಲ್ಲಿಂದಲೇ ಕೈಗೆ ಸಿಗುವ ಹಾಗೆ ದೀಪದ ಸ್ವಿಚ್ಚು ಇರಲಿ. ಗೋಡೆ ಮುಚ್ಚುವ ಮೊದಲು ಪ್ರತಿ ಗೋಡೆಯ ಫೋಟೋವನ್ನು ಟೇಪು ಹಿಡಿದು ತೆಗೆದಿಟ್ಟುಕೋ. ಮುಂದೆ ಮೊಳೆ ಹೊಡೆಯುವಾಗ ತಂತಿ ಎಲ್ಲಿದೆ, ಪೈಪು ಎಲ್ಲಿದೆ ಎಂದು ಗೊತ್ತಿರುತ್ತದೆ.

• ಈಗ ಅಡುಗೆಮನೆ. ಇದರ ಬಗ್ಗೆ ಸ್ವಲ್ಪ ಹೆಚ್ಚೇ ಹೇಳುತ್ತೇನೆ, ಕೇಳಿಸಿಕೋ.

• ಕಟ್ಟೆಯ ಎತ್ತರ ಎಲ್ಲ ಮನೆಗೂ ಒಂದೇ ಅಲ್ಲ. ಹೆಚ್ಚು ಹೊತ್ತು ಅಡುಗೆ ಮಾಡುವವರು ನೆಟ್ಟಗೆ ನಿಂತು ಮೊಣಕೈ ಮಡಿಸಲಿ. ಮೊಣಕೈಗಿಂತ ನಾಲ್ಕರಿಂದ ಆರು ಇಂಚು ಕೆಳಗೆ ಕಟ್ಟೆ ಬಂದರೆ ಬೆನ್ನು ನೋಯುವುದಿಲ್ಲ. ಚಪಾತಿ ಲಟ್ಟಿಸುವ ಜಾಗ ಒಂದೆರಡು ಇಂಚು ತಗ್ಗಿದ್ದರೆ ಇನ್ನೂ ಒಳ್ಳೆಯದು. ನಿಮ್ಮ ಮನೆಯಲ್ಲಿ ಅಳಿಯಂದಿರೂ ಒಲೆಯ ಮುಂದೆ ನಿಲ್ಲುವವರು. ಹಾಗಾಗಿ ಇಬ್ಬರೂ ಅಳತೆ ಕೊಟ್ಟು ನಡುವಿನ ಎತ್ತರ ಗೊತ್ತುಮಾಡಿ. ನೀನು ಕುಳ್ಳಗಿದ್ದೀಯ, ಅವರು ಎತ್ತರ, ಕಟ್ಟೆ ಯಾರೊಬ್ಬರನ್ನೂ ದಂಡಿಸಬಾರದು. ಅತ್ತೆಯವರು ಕೂತು ಸೊಪ್ಪು ಬಿಡಿಸಲು, ತರಕಾರಿ ಹೆಚ್ಚಲು ಕಟ್ಟೆಯ ಒಂದು ತುದಿಯ ಕೆಳಗೆ ಕಪಾಟು ಹಾಕಿಸದೆ, ಕಾಲು ಚಾಚುವಷ್ಟು ಖಾಲಿ ಬಿಡಿಸು. ಅವರಿಗೆ ಅಡುಗೆಮನೆಯಿಂದ ನಿವೃತ್ತಿ ಬೇಕಾಗಿಲ್ಲ, ಕೂರಲು ಜಾಗ ಬೇಕು ಅಷ್ಟೆ.

• ಕಟ್ಟೆಗೆ ಗ್ರಾನೈಟೇ ಹಾಕಿಸು. ಬಿಳಿ ಕ್ವಾರ್ಟ್ಜ್ ನೋಡಲು ಚೆಂದ, ಒಪ್ಪುತ್ತೇನೆ. ಆದರೆ ಅದರಲ್ಲಿ ಕಲ್ಲಿನ ಪುಡಿಯನ್ನು ಹಿಡಿದಿಡುವುದು ರೆಸಿನ್ ಎಂಬ ಅಂಟು. ಒಲೆಯಿಂದ ಇಳಿಸಿದ ಬಾಣಲೆಯನ್ನು ನೇರ ಇಟ್ಟರೆ ಕಲೆ ಕೂರುತ್ತದೆ. ಬಿಳಿ ಅಮೃತಶಿಲೆಯನ್ನು ನಿಂಬೆರಸ, ಹುಣಸೆಹುಳಿ ತಿನ್ನುತ್ತವೆ, ಅರಿಸಿನವಂತೂ ಒಳಕ್ಕೇ ಇಳಿಯುತ್ತದೆ. ನಮ್ಮದು ಹುಣಸೆಹಣ್ಣು, ಅರಿಸಿನ ಬಿಟ್ಟು ದಿನ ಕಳೆಯದ ಅಡುಗೆ. ಚಾಮರಾಜನಗರದ ಕಡೆಯ ಕಪ್ಪು ಕಲ್ಲು, ಇಳಕಲ್ಲಿನ ಕೆಂಪು ಕಲ್ಲು ದೂರದೂರದ ದೇಶಗಳಿಗೆ ಹೋಗುತ್ತವೆ, ನಮಗೆ ಮನೆ ಬಾಗಿಲಲ್ಲೇ ಸಿಗುತ್ತವೆ. ಕಲ್ಲಿನ ಅಂಗಡಿಗಳಿರುವ ಜಿಗಣಿಗೆ ಒಂದು ಭಾನುವಾರ ಹೋಗಿ, ಇಡೀ ಹಲಗೆಯ ಮೇಲೆ ನೀರು ಹಾಕಿ ನೋಡಿ ಆರಿಸಿಕೊಳ್ಳಿ. ಅಂಗೈಯಗಲದ ಸ್ಯಾಂಪಲ್ ನೋಡಿ ಒಪ್ಪಬೇಡಿ. ತೀರ ಹೊಳಪಿನ ಅಚ್ಚ ಕಪ್ಪಿನಲ್ಲಿ ನೀರಿನ ಕಲೆಯೂ ಹಿಟ್ಟಿನ ಪುಡಿಯೂ ಎದ್ದು ಕಾಣುತ್ತವೆ, ಕೊಂಚ ಚುಕ್ಕಿ ಇರುವ ಬೂದುಬಣ್ಣ ಎಲ್ಲವನ್ನೂ ಮುಚ್ಚಿಕೊಳ್ಳುತ್ತದೆ.

• ಅಡುಗೆಮನೆಯ ಗೋಡೆ ತೆಗೆದು ಹಾಲ್‌ಗೆ ಸೇರಿಸುವ ಯೋಚನೆ ಚಿತ್ರದಲ್ಲಿದೆ. ನಿನಗೆ ಅದು ಇಷ್ಟವಾಗಿರುವುದು ನನಗೆ ಗೊತ್ತು, ಮಗು ಕಣ್ಣೆದುರೇ ಇರುತ್ತದೆ ಎನ್ನುವುದೂ ನಿಜ. ಆದರೂ ಬೇಡ ಎನ್ನುತ್ತೇನೆ. ಇಂಗು ಒಣಮೆಣಸಿನಕಾಯಿಯ ಒಗ್ಗರಣೆ, ಮೀನು ಹುರಿಯುವುದು, ಸಾರಿನ ಪುಡಿಗೆ ಧನಿಯಾ ಹುರಿಯುವುದು, ಇವುಗಳ ಘಾಟು ಸೋಫಾದ ಬಟ್ಟೆಯಲ್ಲಿ ವಾರಗಟ್ಟಲೆ ನಿಲ್ಲುತ್ತದೆ. ಎಣ್ಣೆಯ ಹಬೆ ಟಿವಿಯ ಮೇಲೂ ಕೂರುತ್ತದೆ. ನಡುಗೋಡೆಯಲ್ಲಿ ಸರಿಯುವ ಗಾಜಿನ ಕಿಟಕಿ ಇಡಿಸು. ಮಗು ಕಾಣುತ್ತದೆ, ಹಾಲ್‌ನ ಬೆಳಕು ಒಳಗೆ ಬರುತ್ತದೆ, ಒಗ್ಗರಣೆ ಹೊತ್ತಿಗೆ ಮುಚ್ಚಿಬಿಡಬಹುದು. ಚಿಮಣಿ ಹಾಕಿಸಿದರೆ ಹೊಗೆಯ ಪೈಪು ನೇರವಾಗಿ, ಚಿಕ್ಕದಾಗಿ ಹೊರಗೆ ಹೋಗಲಿ. ಪೈಪು ತಿರುಗಿದಷ್ಟೂ ಅದರ ಎಳೆತ ಕಡಿಮೆಯಾಗುತ್ತದೆ. ಚಿಮಣಿ ಬಂತೆಂದು ಅಡುಗೆಮನೆಯ ಕಿಟಕಿಯನ್ನು ಕಪಾಟಿನಿಂದ ಮುಚ್ಚಿಸಬೇಡ.

• ಸಿಲಿಂಡರನ್ನು ಕಪಾಟಿನೊಳಗೆ ಇಡುವುದಾದರೆ ಬಾಗಿಲಿನ ಕೆಳಭಾಗದಲ್ಲಿ ಗಾಳಿಗಂಡಿ ಇರಲೇಬೇಕು. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲಮಟ್ಟದಲ್ಲಿ ತುಂಬಿಕೊಳ್ಳುತ್ತದೆ. ರಬ್ಬರ್ ಪೈಪನ್ನು ಐದು ವರ್ಷಕ್ಕೆ ಬದಲಿಸು. ಅದರ ಮೇಲೆ ತಾರೀಖು ಅಚ್ಚಾಗಿರುತ್ತದೆ, ಇವತ್ತೇ ನೋಡು.

• ಕೆಳಗಿನ ಕಪಾಟಿಗೆಲ್ಲ ಎಳೆಯುವ ಡ್ರಾಯರು, ಬಾಗಿಲಿನ ಕಪಾಟು ಬೇಡ. ಬಾಗಿಲು ತೆಗೆದು, ಬಗ್ಗಿ, ತಲೆ ಒಳಗೆ ಹಾಕಿ ಹಿಂದಿನ ಪಾತ್ರೆ ಹುಡುಕುವ ಕಷ್ಟ ಮಂಡಿನೋವಿನವರಿಗೆ ಚೆನ್ನಾಗಿ ಗೊತ್ತು. ಡ್ರಾಯರಿಗೆ ಖರ್ಚು ಜಾಸ್ತಿ, ಆ ಖರ್ಚು ಇಲ್ಲಿ ಮಾಡು. ಮೇಲಿನ ಸಾಲು ಸೂರಿಗೆ ಮುಟ್ಟುವ ಹಾಗಿರಲಿ. ಅರ್ಧಕ್ಕೆ ನಿಲ್ಲಿಸಿದರೆ ಅದರ ತಲೆಯ ಮೇಲೆ ಎಣ್ಣೆಜಿಡ್ಡು, ಧೂಳು ಸೇರಿ ಗಟ್ಟಿಯಾಗುತ್ತದೆ. ಏಣಿ ಹತ್ತಿ ಅದನ್ನು ಕೆರೆಯುವ ಕೆಲಸ ಕೊನೆಗೆ ಮನೆಗೆಲಸದವಳ ತಲೆಗೆ ಬೀಳುತ್ತದೆ. ಗ್ರೈಂಡರನ್ನು ದಿನಾ ಎತ್ತಿ ಇಳಿಸುವ ಹಾಗಾದರೆ ಯಾರೂ ಬಳಸುವುದಿಲ್ಲ. ಕಟ್ಟೆಯ ಮೇಲೆ ಸಿಂಕಿನ ಬಳಿ ಅದಕ್ಕೊಂದು ಮೂಲೆ, ಹತ್ತಿರವೇ ಪ್ಲಗ್ಗು.

• ಹ್ಯಾಂಡಲ್ ಇಲ್ಲದ, ಒತ್ತಿದರೆ ತೆರೆಯುವ ಹೊಳಪಿನ ಅಕ್ರಿಲಿಕ್ ಬಾಗಿಲು ಬೇಡ. ಹಿಟ್ಟು ಮೆತ್ತಿದ ಕೈ, ಎಣ್ಣೆಗೈ, ಮಗುವಿನ ಕೈ, ಎಲ್ಲ ಗುರುತೂ ಅದರ ಮೇಲೆ. ಮ್ಯಾಟ್ ಲ್ಯಾಮಿನೇಟು, ನಾಲ್ಕು ಬೆರಳು ಹೊಗುವ ಗಟ್ಟಿ ಹಿಡಿ. ಹಿಡಿಯಲ್ಲೂ ಅಂದ ಬೇಕೆನಿಸಿದರೆ ಚನ್ನಪಟ್ಟಣದಲ್ಲಿ ಹಾಲೆ ಮರವನ್ನು ಕಡೆದು ಅರಗಿನ ಬಣ್ಣ ಹಾಕಿದ ಗುಂಡಿಗಳು ಸಿಗುತ್ತವೆ. ನೀರು ತಾಗದ ಕಡೆಗೆ ಅವನ್ನು ಇಡು: ಮಗುವಿನ ಕಪಾಟು, ಹಾಲ್‌ನ ಡ್ರಾಯರು. ಬಣ್ಣ ಮಾಸದೆ ಬಹಳ ಕಾಲ ಬಾಳುತ್ತವೆ.

• ಪ್ಲೈವುಡ್ ವಿಷಯ. ಬ್ರ್ಯಾಂಡಿನ ಹೆಸರು ಕೇಳಿ ಸುಮ್ಮನಾಗಬೇಡ, ಹಲಗೆಯ ಮೇಲೆ ಐಎಸ್‌ಐ ಗುರುತು ಮತ್ತು ಸಂಖ್ಯೆ ನೋಡು. ಐಎಸ್ 303 ಎಂದರೆ ಸಾಮಾನ್ಯ ಬಳಕೆಯದು, ಐಎಸ್ 710 ಎಂದರೆ ನೀರು ತಾಗಿದರೂ ಪದರ ಬಿಡದ ಮರೈನ್ ಪ್ಲೈ. ಈ ಎರಡನೆಯದನ್ನು ಪರೀಕ್ಷೆಗೆಂದು 72 ಗಂಟೆ ಕುದಿಯುವ ನೀರಿನಲ್ಲಿ ಇಡುತ್ತಾರೆ. ಅಡುಗೆಮನೆಗೆ, ಬಾತ್‌ರೂಮಿನ ಹತ್ತಿರದ ಕಪಾಟಿಗೆ 710. ಮಲಗುವ ಕೋಣೆಗೆ 303 ಸಾಕು, ಎಲ್ಲ ಕಡೆಗೂ ದುಬಾರಿಯದನ್ನೇ ಹಾಕಿ ಹಣ ಕಳೆಯಬೇಡ. ಸಿಂಕಿನ ಕೆಳಗೆ ಮರದ ಸಹವಾಸವೇ ಬೇಡ, ಅಲ್ಲಿ ಒಂದಲ್ಲ ಒಂದು ದಿನ ನೀರು ಸೋರಿಯೇ ಸೋರುತ್ತದೆ. ನೀರಿಗೆ ಹಾಳಾಗದ ಡಬ್ಲ್ಯೂಪಿಸಿ ಹಲಗೆಯೋ ಸ್ಟೀಲೋ ಇರಲಿ. ಪಾರ್ಟಿಕಲ್ ಬೋರ್ಡಿನ ಅಡುಗೆಮನೆ ಅಗ್ಗ, ಆದರೆ ಒಮ್ಮೆ ನೀರು ಕುಡಿದು ಊದಿಕೊಂಡ ಮೇಲೆ ಅದನ್ನು ರಿಪೇರಿ ಮಾಡಲು ಬರುವುದಿಲ್ಲ. ಕತ್ತರಿಸಿದ ಅಂಚುಗಳಿಗೆಲ್ಲ, ಕಣ್ಣಿಗೆ ಬೀಳದ ಹಿಂಬದಿಗೂ, ಎಡ್ಜ್ ಬ್ಯಾಂಡ್ ಅಂಟಿಸಿದ್ದಾರೆಯೇ ಎಂದು ಬೆರಳಾಡಿಸಿ ನೋಡು. ನೀರು ನುಗ್ಗುವುದು ಅಲ್ಲಿಂದಲೇ.

• ಬೇರೆ ಊರಿನಲ್ಲಿ ಮನೆ ಮಾಡುವವರಿಗೆ ಒಂದು ಮಾತು, ನಿನ್ನ ತಮ್ಮನಿಗೂ ಮುಂದೆ ಬೇಕಾದೀತು. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ, ವಿಜಯಪುರದಲ್ಲಿ ಅದರ ಹತ್ತನೇ ಒಂದು ಭಾಗವೂ ಇಲ್ಲ. ಎರಡು ಊರಿಗೂ ಒಂದೇ ಕೆಟಲಾಗು ಹೊಂದುವುದಿಲ್ಲ. ಮಲೆನಾಡಿನಲ್ಲಿ ವಾಲ್‌ಪೇಪರಿನ ಹಿಂದೆ ಬೂಷ್ಟು ಬರುತ್ತದೆ, ಕರಾವಳಿಯ ಉಪ್ಪುಗಾಳಿಗೆ ಸಾದಾ ಕಬ್ಬಿಣದ ಹಿಂಜು, ಸ್ಕ್ರೂ ತುಕ್ಕು ಹಿಡಿಯುತ್ತವೆ. ಅಲ್ಲಿ 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿಗಿಂತ ಕಡಿಮೆಯದು ಬೇಡ. ಬಯಲುಸೀಮೆಯ ಶತ್ರು ಬಿಸಿಲು ಮತ್ತು ಧೂಳು. ಅಲ್ಲಿ ದಪ್ಪ ಪರದೆ, ತೊಳೆದುಕೊಳ್ಳಬಹುದಾದ ನೆಲ.

• ಬೀರುವನ್ನು ಬಾತ್‌ರೂಮಿನ ಗೋಡೆಗೆ ಅಂಟಿಸಿ ಮಾಡಿಸಬೇಡ. ಬೇರೆ ಗೋಡೆ ಇಲ್ಲವೆಂದರೆ ಮೊದಲು ಆ ಗೋಡೆಗೆ ವಾಟರ್‌ಪ್ರೂಫಿಂಗ್ ಮಾಡಿಸಿ, ಹಿಂದೆ ಒಂದಿಂಚು ಗಾಳಿಗೆ ಬಿಡಿಸು. ಇಲ್ಲದಿದ್ದರೆ ರೇಷ್ಮೆ ಸೀರೆಗೆ ಮುಗ್ಗಲು ವಾಸನೆ.

• ಬೀರುವಿನ ಒಳಗೆ ಎರಡಡಿ ಆಳ ಇದ್ದರೆ ಹ್ಯಾಂಗರು ಅಡ್ಡ ತಾಗುವುದಿಲ್ಲ. ದಿನಾ ಉಡುವುದು ಸೊಂಟದಿಂದ ಕಣ್ಣಿನ ಎತ್ತರದವರೆಗೆ, ವರ್ಷಕ್ಕೊಮ್ಮೆ ತೆಗೆಯುವುದು ಲಾಫ್ಟಿನಲ್ಲಿ. ಅತ್ತೆಯವರ ಬೀರುವಿನಲ್ಲಿ ಕೆಳಗಿನ ಒಂದಡಿಯನ್ನೂ ಮೇಲಿನ ಸಾಲನ್ನೂ ನಿಮ್ಮ ಸಾಮಾನಿಗೆ ಬಳಸಿಕೊಳ್ಳಿ. ಬಗ್ಗದೆ, ಚಾಚದೆ ಸಿಗುವ ನಡುವಿನ ಭಾಗ ಪೂರ್ತಿ ಅವರದಾಗಲಿ. ಸ್ಲೈಡಿಂಗ್ ಬಾಗಿಲು ಜಾಗ ಉಳಿಸುತ್ತದೆ, ಆದರೆ ಅದರ ಕೆಳಗಿನ ಹಳಿಯಲ್ಲಿ ಕಸ ಕೂರುತ್ತದೆ. ಮಂಚಕ್ಕೂ ಬೀರುವಿಗೂ ನಡುವೆ ಬಾಗಿಲು ತೆರೆಯುವಷ್ಟು ಜಾಗವಿದ್ದರೆ ಸಾಮಾನ್ಯ ಬಾಗಿಲೇ ವಾಸಿ.

• ಬಾತ್‌ರೂಮಿನಲ್ಲಿ ಅಂದಕ್ಕಿಂತ ಕಾಲು ಜಾರದಿರುವುದು ಮೊದಲು. ನೆಲಕ್ಕೆ ಒರಟು ಮೈಯ ಆ್ಯಂಟಿ ಸ್ಕಿಡ್ ಟೈಲ್ಸ್, ಅದೂ ಚಿಕ್ಕ ಅಳತೆಯವು. ದೊಡ್ಡ ಟೈಲ್ಸಿನಲ್ಲಿ ನೀರು ಹರಿಯುವ ಇಳಿಜಾರು ಸರಿಯಾಗಿ ಬರುವುದಿಲ್ಲ, ಮೂಲೆಯಲ್ಲಿ ನೀರು ನಿಲ್ಲುತ್ತದೆ. ಅಂಗಡಿಯಲ್ಲಿ ಟೈಲ್ಸನ್ನು ನೆಲಕ್ಕಿಟ್ಟು, ನೀರು ಸುರಿದು, ಬರಿಗಾಲಿನಲ್ಲಿ ನಿಂತು ನೋಡು. ಅವರು ಏನಾದರೂ ಅಂದುಕೊಳ್ಳಲಿ. ವಾಟರ್‌ಪ್ರೂಫಿಂಗ್ ಆದಮೇಲೆ ನೆಲದಲ್ಲಿ ನೀರು ಕಟ್ಟಿ ಎರಡು ದಿನ ಬಿಟ್ಟು, ಕೆಳಗಿನ ಮನೆಯ ಸೂರು ನೋಡಿ ಬಂದ ನಂತರವೇ ಟೈಲ್ಸ್ ಕೂರಿಸಲು ಹೇಳು. ಸಂದುಗಳಿಗೆ ಎಪಾಕ್ಸಿ ಗ್ರೌಟು. ಬಿಳಿ ಸಿಮೆಂಟು ಬೇಗ ಕಪ್ಪಾಗುತ್ತದೆ.

• ಕಮೋಡಿನ ಪಕ್ಕ, ಸ್ನಾನದ ಜಾಗದಲ್ಲಿ ಸ್ಟೀಲಿನ ಹಿಡಿಕಂಬಿ ಹಾಕಿಸು. ಗೋಡೆಗೆ ಗಟ್ಟಿಯಾಗಿ ಬೋಲ್ಟ್ ಆಗಬೇಕು, ಟವೆಲ್ ಹಾಕುವ ಕಂಬಿಯನ್ನು ಆಸರೆಗೆ ಹಿಡಿದರೆ ಕಿತ್ತು ಬರುತ್ತದೆ. ಕೂತು ಸ್ನಾನ ಮಾಡಲು ಗಟ್ಟಿ ಸ್ಟೂಲು, ಕೈಗೆ ಸಿಗುವ ಹ್ಯಾಂಡ್ ಷವರು. ಹೊಸ್ತಿಲು ಆದಷ್ಟು ತಗ್ಗಿರಲಿ. ಬಾಗಿಲು ಹೊರಕ್ಕೆ ತೆರೆಯಲಿ ಅಥವಾ ಸರಿಯಲಿ, ಒಳಗೆ ಯಾರಾದರೂ ಬಿದ್ದರೆ ಒಳಕ್ಕೆ ತೆರೆಯುವ ಬಾಗಿಲನ್ನು ತಳ್ಳಲಾಗದು. ಸಾಧ್ಯವಿದ್ದರೆ ಮೂರಡಿ ಅಗಲ ಮಾಡಿಸು, ಗಾಲಿಕುರ್ಚಿ ಸಲೀಸಾಗಿ ಹೋಗುವ ಅಗಲ ಅದು. ಈ ಕಂಬಿಗಳಿಂದ ಬಾತ್‌ರೂಮು ಆಸ್ಪತ್ರೆಯ ಹಾಗೆ ಕಾಣುತ್ತದೆ ಎಂದು ಯಾರಾದರೂ ಅಂದರೆ ಕಿವಿಗೆ ಹಾಕಿಕೊಳ್ಳಬೇಡ. ಈಗ ನಲ್ಲಿಗೆ ಹೊಂದುವ ಬಣ್ಣದಲ್ಲೇ ಸಿಗುತ್ತವೆ. ಅತ್ತೆಯವರನ್ನು ಅಂಗಡಿಗೆ ಕರೆದುಕೊಂಡು ಹೋಗಿ, ಕೈಯಲ್ಲಿ ಹಿಡಿದು ನೋಡಲು ಹೇಳು. ಯಾವುದು ಬೇಕೆಂದು ಅವರೇ ಆರಿಸಲಿ.

• ಕಪ್ಪು ನಲ್ಲಿ, ಗಾಜಿನ ಷವರ್ ತಡೆ, ಎರಡನ್ನೂ ಚಿತ್ರದಲ್ಲಿ ಕಂಡೆ. ನಿಮ್ಮಲ್ಲಿ ಬೋರ್‌ವೆಲ್ ನೀರು ಬರುತ್ತದೆ ಎಂದಿದ್ದೆ. ಗಡಸು ನೀರು ಒಣಗಿದಲ್ಲೆಲ್ಲ ಬಿಳಿ ಕಲೆ. ಅದನ್ನು ಕಳೆಯಲು ಆ್ಯಸಿಡ್ ಹಾಕಿದರೆ ಕಪ್ಪು ಲೇಪನವೇ ಏಳುತ್ತದೆ. ಸ್ನಾನವಾದ ಮೇಲೆ ಪ್ರತಿಸಲ ಗಾಜನ್ನು ಒರೆಸುವ ಅಭ್ಯಾಸ ನಿಮ್ಮಿಬ್ಬರಿಗೆ ಇದ್ದರೆ ಹಾಕಿಸಿ. ಇಲ್ಲವಾದರೆ ಸಾದಾ ಕ್ರೋಮ್ ನಲ್ಲಿ, ಗಾಜಿನ ಬದಲು ಪರದೆಯೋ ಮೊಣಕಾಲೆತ್ತರದ ಗೋಡೆಯೋ ಸಾಕು.

• ನೆಲ. ಹಳೆಯ ಮೊಸಾಯಿಕ್ ನೆಲವನ್ನು ಒಡೆಯಲು ಹೊರಟಿದ್ದೀರಿ. ದಯವಿಟ್ಟು ಬೇಡ. ಪಾಲಿಷ್ ಮಷೀನ್ ತರಿಸಿ ಒಂದು ಕೋಣೆ ಉಜ್ಜಿಸಿ ನೋಡು. ಆ ಕಲ್ಲಿನ ಚೂರುಗಳು ಹೇಗೆ ಎದ್ದು ಬರುತ್ತವೆ ಎಂದು ನೋಡಿದ ಮೇಲೆ ನಿನ್ನ ಮನಸ್ಸು ಬದಲಾಗುತ್ತದೆ. ಒಡೆಯುವ ಖರ್ಚು, ಸಾಗಿಸುವ ಖರ್ಚು, ಹೊಸ ಟೈಲ್ಸಿನ ಖರ್ಚು ಮೂರೂ ಉಳಿಯುತ್ತವೆ. ಅಜ್ಜನ ಮನೆಯ ರೆಡ್ ಆಕ್ಸೈಡ್ ನೆಲ ನಿನಗೆ ನೆನಪಿರಬೇಕು. ದಿನದ ಒರೆತಕ್ಕೆ ಅದು ಮಾಸಲಿಲ್ಲ, ವರ್ಷ ಕಳೆದಷ್ಟೂ ಹೊಳಪೇರಿತು. ಈಗ ಅದನ್ನು ಸರಿಯಾಗಿ ಹಾಕಬಲ್ಲ ಗಾರೆಯವರು ಕಡಿಮೆ. ಬಲ್ಲವರು ಸಿಕ್ಕರೆ ಬಾಲ್ಕನಿಗಾದರೂ ಹಾಕಿಸು. ಹೊಸ ಟೈಲ್ಸೇ ಬೇಕೆಂದರೆ ಅಚ್ಚ ಬಿಳಿ ಬೇಡ, ಅಚ್ಚ ಕಪ್ಪೂ ಬೇಡ.

• ಫಾಲ್ಸ್ ಸೀಲಿಂಗ್ ಇಡೀ ಮನೆಗೆ ಬೇಕಾಗಿಲ್ಲ. ವಾಸದ ಕೋಣೆಗೆ 2.75 ಮೀಟರ್, ಅಂದರೆ ಒಂಬತ್ತು ಅಡಿ ಎತ್ತರವಾದರೂ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ನಿಮ್ಮ ಸೂರು ಮೊದಲೇ ತಗ್ಗು, ಮತ್ತೆ ಅರ್ಧ ಅಡಿ ಇಳಿಸಿದರೆ ಸೆಕೆ, ಫ್ಯಾನಿಗೂ ಜಾಗವಿಲ್ಲ. ಮೇಲಿನ ಮನೆಯಿಂದ ನೀರು ಸೋರಿದರೆ ಜಿಪ್ಸಮ್ ಹಲಗೆ ನೆನೆದು ಬೀಳುವವರೆಗೂ ತಿಳಿಯುವುದಿಲ್ಲ.

• ಬೆಳಕು ಒಂದೇ ಕಡೆಯಿಂದ ಸುರಿಯಬೇಕಿಲ್ಲ. ಕೂರುವ, ಮಲಗುವ ಕಡೆ 2700ರಿಂದ 3000 ಕೆಲ್ವಿನ್‌ನ ಹಳದಿ ಬೆಳಕು. ಅಡುಗೆ ಕಟ್ಟೆ, ಓದುವ ಮೇಜು, ಕನ್ನಡಿಯ ಮುಂದೆ 4000. ಆ 6500ರ ನೀಲಿಬಿಳುಪು ಬೆಳಕಿನಲ್ಲಿ ಮನೆಮಂದಿಯ ಮುಖವೂ ಊಟದ ಬಣ್ಣವೂ ಕಳೆಗುಂದುತ್ತವೆ. ಕಟ್ಟೆಯ ಮೇಲಿನ ಕಪಾಟಿನ ಅಡಿಗೆ ಒಂದು ಪಟ್ಟಿ ದೀಪ ಹಾಕಿಸು, ಅಕ್ಕಿಯಲ್ಲಿರುವ ಕಲ್ಲೂ ಕಾಣಬೇಕು. ಅತ್ತೆಯವರ ಕೋಣೆಯಿಂದ ಬಾತ್‌ರೂಮಿನ ದಾರಿಗೆ, ನೆಲದಿಂದ ಒಂದಡಿ ಮೇಲೆ, ಕಾಲಾಡುವಾಗ ತಾನೇ ಹತ್ತುವ ಚಿಕ್ಕ ದೀಪ. ಇಡೀ ಮನೆಯ ಮಾರ್ಪಾಟಿನಲ್ಲಿ ಇದಕ್ಕೇ ಅತಿ ಕಡಿಮೆ ಖರ್ಚು, ಅವರಿಗೆ ಇದರಿಂದಲೇ ಅತಿ ಹೆಚ್ಚು ಉಪಕಾರ.

• ದೇವರ ಮನೆಗೆ ಹಿಂಬದಿಯಿಂದ ದೀಪ ಬರುವ ಬಿಳಿ ಕೋರಿಯನ್ ಹಲಗೆ, ಸುತ್ತ ಗೆರೆಗೆರೆಯ ಪ್ಯಾನೆಲ್ಲು ತೋರಿಸಿದ್ದಾರೆ. ಎಣ್ಣೆದೀಪದ ಮಸಿ, ಊದುಬತ್ತಿಯ ಬೂದಿ, ಕುಂಕುಮ ಎಲ್ಲ ಆ ಗೆರೆಗಳೊಳಗೆ ಸೇರುತ್ತವೆ. ದೀಪ ಇಡುವ ಜಾಗ ಕಲ್ಲಿನದಾಗಿರಲಿ, ದೀಪದ ಹಿಂದೆ ಹಿತ್ತಾಳೆ ತಗಡು ಅಥವಾ ಟೈಲ್ಸು. ಮೇಲೆ ಲ್ಯಾಮಿನೇಟಿನ ಹಲಗೆ ಹತ್ತಿರ ಬರಬಾರದು, ಪರದೆಯಂತೂ ಬೇಡವೇ ಬೇಡ. ದಿಕ್ಕಿನ ವಿಷಯದಲ್ಲಿ ಅತ್ತೆಯವರ ಮಾತು ನಡೆಸಿಕೊಡಿ. ದಿನಾ ಅಲ್ಲಿ ಕೂರುವವರು ಅವರು. ಕೂರಲು ಸ್ಟೂಲಿಗೆ ಜಾಗ ಬಿಡು, ದೇವರನ್ನು ಆ ಎತ್ತರಕ್ಕೆ ಇಡಿಸು.

• ಸೋಫಾ ಕೊಳ್ಳುವ ಮೊದಲು ಲಿಫ್ಟಿನ ಬಾಗಿಲು, ಮನೆಯ ಬಾಗಿಲು, ಮೆಟ್ಟಿಲಿನ ತಿರುವು ಅಳೆದುಕೋ. ಅಂಗಡಿಯಲ್ಲಿ ಅತ್ತೆಯವರನ್ನು ಕೂರಿಸಿ ಎಬ್ಬಿಸಿ ನೋಡು. ಆಳದ, ತಗ್ಗಿನ, ಮೆತ್ತನೆಯ ಸೋಫಾದಿಂದ ಮಂಡಿನೋವಿನವರು ಏಳಲಾರರು. ಹದಿನೆಂಟು ಇಂಚು ಎತ್ತರದ, ಕೈಯೂರಿ ಏಳಲು ತೋಳಿರುವ ಒಂದು ಕುರ್ಚಿಯಾದರೂ ಹಾಲ್‌ನಲ್ಲಿರಲಿ. ಹೊದಿಕೆ ಬಿಚ್ಚಿ ಒಗೆಯುವಂತಿರಲಿ. ಗಾಜಿನ ಟೀಪಾಯಿ, ಚೂಪು ಮೂಲೆಯ ಮೇಜು ಮಗು ದೊಡ್ಡದಾಗುವ ತನಕ ಬೇಡ. ಎತ್ತರದ ಬೀರು, ಪುಸ್ತಕದ ಕಪಾಟು, ಟಿವಿ, ಇವನ್ನೆಲ್ಲ ಗೋಡೆಗೆ ಬಿಗಿಸು. ಮಕ್ಕಳು ಡ್ರಾಯರು ಎಳೆದು ಮೆಟ್ಟಿಲು ಮಾಡಿಕೊಂಡು ಹತ್ತುತ್ತವೆ.

• ನೆಲಕ್ಕೆ ಕಾರ್ಪೆಟ್ ಬೇಡ, ಬೆಂಗಳೂರಿನ ಧೂಳನ್ನೆಲ್ಲ ಅದು ಹೊಟ್ಟೆಗೆ ಹಾಕಿಕೊಳ್ಳುತ್ತದೆ. ನವಲಗುಂದದ ಹೆಂಗಸರು ನೇಯುವ ಹತ್ತಿ ಜಮಖಾನೆ ತರಿಸು, ಕೊಡವಿ ಬಿಸಿಲಿಗೆ ಹಾಕಿದರೆ ಆಯಿತು. ಅಡಿಗೆ ಜಾರದ ರಬ್ಬರ್ ಹಾಸಿ, ಅತ್ತೆಯವರು ಓಡಾಡುವ ದಾರಿ ಬಿಟ್ಟು ಹಾಕು. ದಿಂಬಿನ ಹೊದಿಕೆಗೆ ಗುಳೇದಗುಡ್ಡದ ಖಣ ಎಷ್ಟು ಕಳೆ ಕಟ್ಟುತ್ತದೆ ಎಂದು ಒಮ್ಮೆ ಹಾಕಿ ನೋಡು, ಹಾಲ್‌ಗೆ ಬೇರೆ ಅಲಂಕಾರವೇ ಬೇಡ ಅನಿಸುತ್ತದೆ.

• ಅಜ್ಜನ ಕಾಲದ ತೇಗದ ಮಂಚ, ಬೀಟೆಯ ಪೆಟ್ಟಿಗೆ ಊರಿನ ಅಟ್ಟದಲ್ಲಿವೆ. ಹಳೆಯದು ಮನೆಗೆ ಹೊಂದುವುದಿಲ್ಲ ಎಂದು ಮಾರಬೇಡ. ಮಣಿಪಾಲಕ್ಕೆ ಹೋದಾಗ ವಿಜಯನಾಥ ಶೆಣೈಯವರು ಕಟ್ಟಿದ ಹೆರಿಟೇಜ್ ವಿಲೇಜ್ ನೋಡಿ ಬನ್ನಿ. ಕೆಡವಲು ಹೊರಟಿದ್ದ ಹಳೆಯ ಮನೆಗಳನ್ನು ಬಿಡಿಬಿಡಿಯಾಗಿ ಬಿಚ್ಚಿ ತಂದು ಮತ್ತೆ ನಿಲ್ಲಿಸಿದವರು ಅವರು. ಆ ಮನೆಗಳಲ್ಲಿ ಗೋಡೆಯ ಗೂಡು, ಜಗಲಿ, ಬೆಳಕಿಂಡಿ ಒಂದೊಂದೂ ಹೇಗೆ ಕೆಲಸಕ್ಕೂ ಬರುತ್ತಿತ್ತು, ನೋಟಕ್ಕೂ ಒದಗುತ್ತಿತ್ತು ಎಂದು ಕಣ್ಣಾರೆ ನೋಡು. ಗೋಡೆಯ ಗೂಡನ್ನು ನಿನ್ನ ಫ್ಲ್ಯಾಟಿನಲ್ಲೂ ಮಾಡಿಸಬಹುದು. ಬಾತ್‌ರೂಮಿನ ಹೊಸ ಅಡ್ಡಗೋಡೆಯಲ್ಲಿ ಸೋಪಿಗೆ ಒಂದು ಗೂಡು ಬಿಡಿಸಿದರೆ ತುಕ್ಕು ಹಿಡಿಯುವ ಸ್ಟ್ಯಾಂಡೇ ಬೇಡ. ಆ ಪೆಟ್ಟಿಗೆಯನ್ನು ಬಾಗಿಲ ಬಳಿ ಇಟ್ಟರೆ ಚಪ್ಪಲಿ ಹಾಕಿಕೊಳ್ಳಲು ಕೂರುವ ಜಾಗ, ಒಳಗೆ ಹಾಸಿಗೆ ಬಟ್ಟೆ. ಮೊದಲು ಗೆದ್ದಲು ಪರೀಕ್ಷೆ ಮಾಡಿಸಿ ಆಮೇಲೆ ಒಳಗೆ ತಾ.

• ಬಾಲ್ಕನಿಯನ್ನು ಪೂರ್ತಿ ಮುಚ್ಚಿ ಕೋಣೆ ಮಾಡಬೇಡಿ. ಬಟ್ಟೆ ಎಲ್ಲಿ ಒಣಗಬೇಕು? ಹಗ್ಗದಲ್ಲಿ ಏರಿಸಿ ಇಳಿಸುವ ಕಂಬಿ, ಒಂದು ತುಳಸಿ, ಒಂದು ದೊಡ್ಡಪತ್ರೆ, ಸಂಜೆ ಕೂರಲು ಒಂದು ಬೆಂಚು. ಕಿಟಕಿಗಳಿಗೆ ಬಿಚ್ಚಿ ತೊಳೆಯಬಹುದಾದ ಸೊಳ್ಳೆ ಜಾಲರಿ.

• ಬಣ್ಣ ಆರಿಸಲು ಕಾರ್ಡು ನೋಡಬೇಡ. ಚಿಕ್ಕ ಡಬ್ಬಿ ತಂದು ಗೋಡೆಯ ಮೇಲೆ ಎರಡಡಿ ಚೌಕ ಬಳಿದು, ಹಗಲಿನಲ್ಲೂ ದೀಪದಲ್ಲೂ ನೋಡು. ಮಗುವಿನ ಕೈ ಎಟುಕುವ ಗೋಡೆಗೆ ತೊಳೆಯಬಹುದಾದ ಎಮಲ್ಷನ್, ಸೂರಿಗೆ ಸಾದಾ ಬಿಳಿ.

• ಕೆಲಸದವರ ಜೊತೆ ಎಲ್ಲವೂ ಬರವಣಿಗೆಯಲ್ಲಿರಲಿ: ಯಾವ ಪ್ಲೈ, ಎಷ್ಟು ದಪ್ಪ, ಯಾವ ಹಿಂಜು, ಚದರಡಿ ಲೆಕ್ಕ ಮುಂಭಾಗದ ಅಳತೆಗೋ ಒಳಗಿನ ಹಲಗೆಗೂ ಸೇರಿಯೋ, ಜಿಎಸ್‌ಟಿ ಒಳಗೋ ಹೊರಗೋ. ಹಣವನ್ನು ಕೆಲಸ ನಡೆದ ಹಾಗೆ ಕಂತಿನಲ್ಲಿ ಕೊಡಿ. ಕೊನೆಯ ಹತ್ತನೇ ಒಂದು ಭಾಗವನ್ನು ಎಲ್ಲ ಡ್ರಾಯರು ಎಳೆದು, ಎಲ್ಲ ನಲ್ಲಿ ಬಿಟ್ಟು ನೋಡುವವರೆಗೆ ಇಟ್ಟುಕೊಳ್ಳಿ. ಆಚಾರರು, ಗಾರೆಯವರು, ಬಣ್ಣದವರು ಇವರಿಗೆ ಕುಡಿಯುವ ನೀರು, ಹೊತ್ತಿಗೆ ಟೀ, ಬಳಸಲು ಒಂದು ಶೌಚಾಲಯ ಇದೆಯೇ ಎಂದು ಮೊದಲ ದಿನವೇ ನೋಡು. ಅವರು ಏನಾದರೂ ಹೇಳಿದರೆ ನಿಂತು ಕೇಳು. ಚಿತ್ರ ಬರೆದವರಿಗೆ ಹೊಳೆಯದ್ದು ಕೆಲಸ ಮಾಡುವ ಕೈಗೆ ಹೊಳೆಯುತ್ತದೆ.

• ಗೃಹಪ್ರವೇಶದ ಮುಹೂರ್ತ ಇಟ್ಟುಕೊಂಡು ಕೆಲಸಕ್ಕೆ ಅವಸರ ಮಾಡಬೇಡಿ. ಕೆಲಸ ಮುಗಿಯಲಿ, ಬಣ್ಣ ಮತ್ತು ಅಂಟಿನ ವಾಸನೆ ಹೋಗುವ ತನಕ ಕಿಟಕಿ ತೆರೆದಿಡಿ, ಆಮೇಲೆ ಪುರೋಹಿತರನ್ನು ಕೇಳಿ. ಮಗುವಿಗೂ ಅತ್ತೆಯವರಿಗೂ ಆ ಘಾಟು ಒಳ್ಳೆಯದಲ್ಲ.

• ಮಿಕ್ಕ ಟೈಲ್ಸಿನಲ್ಲಿ ಪ್ರತಿ ಬಗೆಯದೂ ಒಂದೊಂದು ಪೆಟ್ಟಿಗೆ ಲಾಫ್ಟಿಗೆ ಹಾಕಿಡು, ಮುಂದೆ ಅದೇ ಬಣ್ಣ ಸಿಗುವುದಿಲ್ಲ. ಬಣ್ಣದ ಕೋಡ್, ಲ್ಯಾಮಿನೇಟಿನ ಸಂಖ್ಯೆ, ಪೈಪಿನ ಫೋಟೋ, ಬಿಲ್ಲು, ಗ್ಯಾರಂಟಿ ಕಾರ್ಡು, ಪ್ಲಂಬರು ಎಲೆಕ್ಟ್ರೀಶಿಯನ್ನರ ನಂಬರು, ಎಲ್ಲವೂ ಒಂದೇ ಫೈಲಿನಲ್ಲಿರಲಿ. ಫೈಲನ್ನು ಎಲ್ಲಿಟ್ಟಿದ್ದೀರಿ ಎಂದು ಅತ್ತೆಯವರಿಗೂ ತೋರಿಸು, ನೀವಿಬ್ಬರೂ ಆಫೀಸಿನಲ್ಲಿರುವಾಗ ಪ್ಲಂಬರಿಗೆ ಬಾಗಿಲು ತೆಗೆಯುವವರು ಅವರು.